ತೋಪಿನ ವಯಸ್ಸು, ಮರದ ತೂಕ, ಒಲೆಯ ಶಾಖ

ನಮ್ಮ ಒಂದು ಎಕರೆ ಸರ್ವೆ ತೋಪನ್ನು ನೋಡಲು ಬಂದ ವ್ಯಾಪಾರಿ ಬದುವಿನಿಂದ ಕೆಳಗಿಳಿಯಲೇ ಇಲ್ಲ. ಎಲೆಯಡಿಕೆ ಜಗಿಯುತ್ತಾ ಆ ತುದಿಯಿಂದ ಈ ತುದಿಗೆ ಒಮ್ಮೆ ಕಣ್ಣಾಡಿಸಿದ. ಒಟ್ಟು ಗುತ್ತಿಗೆಗೆ ಇಷ್ಟು ಎಂದು ಒಂದು ಅಂಕಿ ಹೇಳಿದ. ಗಿಡ ನೆಟ್ಟು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಹಣದ ತುರ್ತಿತ್ತು, ಒಪ್ಪಿಕೊಂಡೆ. ಮರ ತುಂಬಿದ ಲಾರಿಗಳು ವೇಬ್ರಿಜ್ ದಾಟಿ ಹೋದ ಮೇಲೆ ತೂಕದ ಚೀಟಿಗಳನ್ನು ಕೂಡಿಸಿದೆ. ನನ್ನ ಮನಸ್ಸಿನಲ್ಲಿದ್ದ ಅಂದಾಜಿಗಿಂತ ಅರ್ಧದಷ್ಟು ಹೆಚ್ಚು ತೂಕ ಹೊರಟುಹೋಗಿತ್ತು. ಅದಕ್ಕಿಂತ ನೋವಿನ ಸಂಗತಿ ಆಮೇಲೆ ತಿಳಿಯಿತು. ಮರ ಅತಿ ವೇಗವಾಗಿ ತೂಕ ಕಟ್ಟುತ್ತಿದ್ದ ವರ್ಷದಲ್ಲೇ ನಾನು ಕೊಡಲಿ ಹಾಕಿಸಿದ್ದೆ.

ವ್ಯಾಪಾರಿ ಮೋಸ ಮಾಡಿದ ಎನ್ನಲಾರೆ. ಅವನ ಹತ್ತಿರ ವರ್ಷಗಟ್ಟಲೆ ಪಳಗಿದ ಕಣ್ಣಳತೆ ಇತ್ತು, ನನ್ನ ಹತ್ತಿರ ಯಾವ ಅಳತೆಯೂ ಇರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸರ್ವೆ, ಹೆಬ್ಬೇವು, ಹಳೆಯ ನೀಲಗಿರಿ ಕೂಳೆ, ಏನೇ ಬೆಳೆದಿದ್ದರೂ ಕಡಿಸುವ ಮುನ್ನ ಪ್ರತಿಯೊಬ್ಬ ರೈತನೂ ಮಾಡಿಕೊಳ್ಳಬಹುದಾದ ಲೆಕ್ಕ ಇದು. ಬೇಕಾಗುವ ಸಾಮಾನು ಒಂದು ಟೈಲರ್ ಟೇಪು, ಒಂದು ನೋಟ್‌ಬುಕ್ಕು, ಅರ್ಧ ದಿನ.

ಮರ ಕೂಡಿಡುವುದು ಏನನ್ನು?

ಎಲೆ ಬಿಸಿಲನ್ನು ಹಿಡಿದು, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಬೇರಿನಿಂದ ಬಂದ ನೀರಿನೊಡನೆ ಸೇರಿಸಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯೇ ಸೆಲ್ಯುಲೋಸ್, ಲಿಗ್ನಿನ್ ಆಗಿ ಕಾಂಡದಲ್ಲಿ ಕೂರುತ್ತದೆ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಪೂರ್ತಿ ಒಣಗಿದ ಒಂದು ಕಿಲೋ ಕಟ್ಟಿಗೆ ಸುಟ್ಟರೆ ಸುಮಾರು 18.5 ಮೆಗಾಜೂಲ್, ಅಂದರೆ 4,400 ಕಿಲೋಕ್ಯಾಲರಿಯಷ್ಟು ಶಾಖ ಸಿಗುತ್ತದೆ. ಸರ್ವೆ, ಬಳ್ಳಾರಿ ಜಾಲಿಯಂಥ ಗಟ್ಟಿ ಮರಗಳಲ್ಲಿ ಇದು ತುಸು ಹೆಚ್ಚು, ಮೆದು ಮರಗಳಲ್ಲಿ ತುಸು ಕಡಿಮೆ. ಆದರೆ ಕಿಲೋ ಲೆಕ್ಕದಲ್ಲಿ ಈ ವ್ಯತ್ಯಾಸ ನಾವು ತಿಳಿದಷ್ಟು ದೊಡ್ಡದಲ್ಲ.

ವಯಸ್ಸಾದ ಮರದ ಸೌದೆಯಲ್ಲಿ ಕಾವು ಜಾಸ್ತಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಲೆಯ ಮುಂದೆ ಕೂತವರಿಗೆ ಅದು ನಿಜವಾಗಿಯೇ ಕಂಡಿರುತ್ತದೆ. ಆದರೆ ತೂಕಕ್ಕೆ ತೂಕ ಇಟ್ಟು ನೋಡಿದರೆ ಎರಡು ವರ್ಷದ ಕಾಂಡದ ಒಂದು ಕಿಲೋ ಒಣ ಕಟ್ಟಿಗೆಗೂ ಹತ್ತು ವರ್ಷದ ಕಾಂಡದ ಒಂದು ಕಿಲೋಗೂ ಶಾಖದಲ್ಲಿ ಹೆಚ್ಚು ಅಂತರವಿಲ್ಲ. ಬೇರೆಯಾಗುವುದು ಸಾಂದ್ರತೆ. ಎಳೆಯ ಮರದ ಕಟ್ಟಿಗೆ ಹಗುರ, ಅದರಲ್ಲಿ ನೀರು ಹೆಚ್ಚು, ತೊಗಟೆಯ ಪಾಲೂ ಹೆಚ್ಚು. ವಯಸ್ಸಾದಂತೆ ಅದೇ ಗಾತ್ರದ ಕೊರಡಿನಲ್ಲಿ ಹೆಚ್ಚು ಒಣ ತೂಕ ಸೇರಿರುತ್ತದೆ, ಅದಕ್ಕೇ ಅದು ಹೆಚ್ಚು ಹೊತ್ತು ಉರಿಯುತ್ತದೆ. ಹಾಗಾಗಿ ತೋಪಿನ ಶಕ್ತಿಯನ್ನು ಅಳೆಯುವುದೆಂದರೆ ಅದರ ಒಣ ತೂಕವನ್ನು ಅಳೆಯುವುದು.

ಟೇಪು ಹಿಡಿದು ತೋಪಿನೊಳಗೆ

ಬದುವಿನ ಪಕ್ಕದ ಎರಡು ಸಾಲುಗಳನ್ನು ಬಿಟ್ಟುಬಿಡಿ. ಅಲ್ಲಿನ ಮರಗಳಿಗೆ ಪಕ್ಕದಿಂದ ಬೆಳಕು ಸಿಕ್ಕು ಅವು ಒಳಗಿನವಕ್ಕಿಂತ ದಪ್ಪಗಿರುತ್ತವೆ. ಅವನ್ನು ಅಳೆದರೆ ಲೆಕ್ಕ ಉಬ್ಬುತ್ತದೆ. ಒಳಗೆ ಹೋಗಿ ಅಲ್ಲಲ್ಲಿ ಕೆಲವು ಸಾಲು ಹಿಡಿದು ಪ್ರತಿ ಹತ್ತನೇ ಮರಕ್ಕೆ ಟೇಪು ಸುತ್ತಿ. ಆ ಮರ ಸೊರಗಿದ್ದರೂ ಬಿಡಬೇಡಿ. ಚೆನ್ನಾಗಿ ಬೆಳೆದ ಮರವನ್ನೇ ಆರಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಅಳತೆ ಕೆಡುವುದು ಅಲ್ಲೇ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಯ ಮಟ್ಟದಲ್ಲಿ ಸುತ್ತಳತೆ ತೆಗೆಯಬೇಕು. ಅರಣ್ಯ ಇಲಾಖೆಯವರೂ ಇದೇ ಎತ್ತರದಲ್ಲಿ ಅಳೆಯುತ್ತಾರೆ. ಎಕರೆಗೆ ಮೂವತ್ತು ಮರ ಅಳೆದರೆ ಸಾಕು. ಜೊತೆಗೆ ಎಷ್ಟು ಮರ ಬದುಕಿವೆ ಎಂದು ಸಾಲು ಸಾಲಾಗಿ ಎಣಿಸಿ. ನೆಟ್ಟ ಸಂಖ್ಯೆಯನ್ನೇ ಹಿಡಿದು ಲೆಕ್ಕ ಮಾಡಿದವರು ಮೋಸ ಹೋಗುತ್ತಾರೆ.

ಎತ್ತರಕ್ಕೆ ಹಳೆಯ ಕೋಲಿನ ಉಪಾಯವಿದೆ. ಕೈ ಮುಂದೆ ಚಾಚಿದಾಗ ಕಣ್ಣಿನಿಂದ ಮುಷ್ಟಿಯವರೆಗೆ ಎಷ್ಟು ದೂರವೋ ಅಷ್ಟೇ ಉದ್ದದ ಕೋಲು ಮುಷ್ಟಿಯ ಮೇಲೆ ಬರುವಂತೆ ನೆಟ್ಟಗೆ ಹಿಡಿಯಿರಿ. ಕೋಲಿನ ಬುಡ ಮರದ ಬುಡಕ್ಕೂ ಕೋಲಿನ ತುದಿ ಮರದ ತುದಿಗೂ ಸರಿಯಾಗಿ ಕೂಡುವವರೆಗೆ ಹಿಂದಕ್ಕೆ ನಡೆಯಿರಿ. ನೀವು ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಅಷ್ಟು ಎತ್ತರ. ನೆಲ ಸಮತಟ್ಟಾಗಿರಬೇಕು, ಅಷ್ಟೇ. ದಟ್ಟ ತೋಪಿನಲ್ಲಿ ತುದಿ ಕಾಣದಿದ್ದರೆ ಅಂಚಿನ ಮರವನ್ನು ಅಳೆಯಬಹುದು. ಎತ್ತರದಲ್ಲಿ ಅಂಚಿನ ಮರಕ್ಕೂ ಒಳಗಿನ ಮರಕ್ಕೂ ದಪ್ಪದಲ್ಲಿರುವಷ್ಟು ಅಂತರ ಇರುವುದಿಲ್ಲ.

ಇನ್ನು ಲೆಕ್ಕ. ಸುತ್ತಳತೆ 30 ಸೆಂಟಿಮೀಟರ್, ಎತ್ತರ 12 ಮೀಟರ್ ಇರುವ ಒಂದು ಸರ್ವೆ ಮರವನ್ನು ಹಿಡಿಯೋಣ. ಸುತ್ತಳತೆಯನ್ನು ಮೀಟರಿಗೆ ತಂದು ಅದನ್ನು ಅದರಿಂದಲೇ ಗುಣಿಸಿ: 0.30 ಗುಣಿಲೆ 0.30, ಅಂದರೆ 0.09. ಅದನ್ನು 12.57ರಿಂದ ಭಾಗಿಸಿದರೆ 0.00716 ಚದರ ಮೀಟರ್. ಇದು ಎದೆಮಟ್ಟದಲ್ಲಿ ಕಾಂಡವನ್ನು ಅಡ್ಡ ಕೊಯ್ದಾಗ ಕಾಣುವ ಮುಖದ ವಿಸ್ತೀರ್ಣ. ಎತ್ತರ 12ರಿಂದ ಗುಣಿಸಿ, ಕಾಂಡ ಮೇಲಕ್ಕೆ ಹೋದಂತೆ ಸಣ್ಣಗಾಗುವುದರಿಂದ ಅರ್ಧ ಮಾಡಿ. 0.043 ಘನ ಮೀಟರ್ ಬರುತ್ತದೆ. ಸರ್ವೆಯ ಬಲಿತ ಕಟ್ಟಿಗೆ ಘನ ಮೀಟರಿಗೆ 650 ಕಿಲೋ ಒಣ ತೂಕ ಎಂದು ಹಿಡಿದರೆ ಆ ಒಂದು ಮರದ ಕಾಂಡ 28 ಕಿಲೋ. ಅದರಲ್ಲಿರುವ ಶಾಖ ಸುಮಾರು 518 ಮೆಗಾಜೂಲ್. ಅಡುಗೆಮನೆಯ 14.2 ಕಿಲೋ ಗ್ಯಾಸ್ ಸಿಲಿಂಡರಿನಲ್ಲಿ ಇರುವುದು ಸುಮಾರು 650. ನಿಮ್ಮ ತೋಪಿನಲ್ಲಿ ನಿಂತಿರುವ ಒಂದೊಂದು ಬಲಿತ ಸರ್ವೆಯೂ ಐದರಲ್ಲಿ ನಾಲ್ಕು ಪಾಲು ತುಂಬಿದ ಸಿಲಿಂಡರ್ ಎಂದು ನೆನೆಸಿಕೊಳ್ಳಿ.

ಇದೇ ಮರ ಎಳೆಯದಾಗಿದ್ದಾಗ, ಸುತ್ತಳತೆ 15 ಸೆಂಟಿಮೀಟರ್, ಎತ್ತರ 8 ಮೀಟರ್ ಇದ್ದಾಗ ಎಷ್ಟು ತೂಗುತ್ತಿತ್ತು? ಎಳೆ ಕಟ್ಟಿಗೆ ಹಗುರವೆಂದು 550 ಕಿಲೋ ಹಿಡಿದರೆ ಬರೀ 4 ಕಿಲೋ. ಸುತ್ತಳತೆ ಎರಡು ಪಟ್ಟಾಗಿದೆ, ತೂಕ ಏಳು ಪಟ್ಟಾಗಿದೆ. ಬದುವಿನ ಮೇಲೆ ನಿಂತ ಕಣ್ಣಿಗೆ ಕಾಣುವುದು ದಪ್ಪ, ಲಾರಿಯಲ್ಲಿ ಹೋಗುವುದು ತೂಕ.

ತೋಪಿನ ಒಟ್ಟು ತೂಕಕ್ಕೆ, ಅಳೆದ ಮರಗಳ ತೂಕದ ಸರಾಸರಿಯನ್ನು ಬದುಕಿರುವ ಮರಗಳ ಎಣಿಕೆಯಿಂದ ಗುಣಿಸಿ. ಒಂದು ಎಚ್ಚರಿಕೆ. ಮೂವತ್ತು ಮರಗಳ ಸುತ್ತಳತೆಯ ಸರಾಸರಿ ತೆಗೆದು ಆಮೇಲೆ ಗುಣಿಸಬೇಡಿ. 20 ಸೆಂಟಿಮೀಟರಿನ ಒಂದು ಮರ, 40ರ ಇನ್ನೊಂದು ಮರ ಇದ್ದರೆ ಸರಾಸರಿ 30, ಅದರ ವರ್ಗ 900. ಬೇರೆ ಬೇರೆಯಾಗಿ ವರ್ಗ ಮಾಡಿದರೆ 400 ಮತ್ತು 1,600, ಸರಾಸರಿ 1,000. ಮೊದಲನೇ ದಾರಿಯಲ್ಲಿ ಹತ್ತರಲ್ಲಿ ಒಂದು ಪಾಲು ನಿಮ್ಮ ಕೈಬಿಟ್ಟು ಹೋಯಿತು. ನಾಟಾ ವ್ಯಾಪಾರದಲ್ಲಿ ಬಳಸುವ ಕಾಲುಸುತ್ತಳತೆಯ ಲೆಕ್ಕದಲ್ಲಿ ಹೋಗುವುದು ಇನ್ನೂ ಹೆಚ್ಚು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ ವರ್ಗ ಮಾಡಿ ಉದ್ದದಿಂದ ಗುಣಿಸುವ ಆ ಪದ್ಧತಿ ದುಂಡನೆಯ ಕೊರಡಿನ ನಿಜ ಗಾತ್ರದಲ್ಲಿ ನೂರಕ್ಕೆ 78.5ನ್ನು ಮಾತ್ರ ತೋರಿಸುತ್ತದೆ. ಗರಗಸದಲ್ಲಿ ಹೋಗುವ ನಷ್ಟಕ್ಕೆಂದು ಬಿಟ್ಟ ಪಾಲು ಅದು. ಹಲಗೆಗೆ ಅದು ಸರಿ, ಸೌದೆಗೆ ಹೋಗುವ ಮರವನ್ನು ಆ ಲೆಕ್ಕದಲ್ಲಿ ಕೊಡಲೇಬಾರದು. ಸೌದೆಯನ್ನು ಮಾರಬೇಕಾದ್ದು ತೂಕಕ್ಕೆ.

ವಯಸ್ಸಿನೊಂದಿಗೆ ನಡೆಯುವುದು

ಮೊದಲ ವರ್ಷ ಸಸಿ ದುಡಿದದ್ದೆಲ್ಲ ಎಲೆಗೆ, ಬೇರಿಗೆ ಹೋಗುತ್ತದೆ. ಕಾಂಡ ಕಡ್ಡಿಯಂತಿರುತ್ತದೆ. ಎರಡು ಮೂರನೇ ವರ್ಷಕ್ಕೆ ತಲೆಗಳು ಒಂದಕ್ಕೊಂದು ಕೂಡಿ ನೆಲಕ್ಕೆ ನೆರಳು ಬೀಳುತ್ತದೆ. ಅಲ್ಲಿಂದಾಚೆಗೆ ತೋಪಿನ ಒಟ್ಟು ಎಲೆ ಹೆಚ್ಚು ಏರುವುದಿಲ್ಲ. ಮೇಲೆ ಹೊಸ ಎಲೆ ಬಂದಷ್ಟೂ ಕೆಳಗಿನ ರೆಂಬೆಗಳು ಬೆಳಕಿಲ್ಲದೆ ಒಣಗುತ್ತವೆ. ಎಲೆಯ ದುಡಿಮೆ ತುಂಬು ಮಟ್ಟದಲ್ಲಿದ್ದು, ಅದರ ಹೆಚ್ಚು ಪಾಲು ಕಾಂಡಕ್ಕೆ ಸೇರುವ ಹೊತ್ತು ಇದು. ತೋಪಿನ ಸುಗ್ಗಿ ಎಂದರೆ ಇದೇ. ಕೆಲವು ವರ್ಷ ಕಳೆದ ಮೇಲೆ ವೇಗ ತಗ್ಗುತ್ತದೆ. ನೀರಿಗೂ ಬೆಳಕಿಗೂ ಪೈಪೋಟಿ ಹೆಚ್ಚುತ್ತದೆ, ಹಿಂದುಳಿದ ಮರಗಳು ಸಾಯುತ್ತವೆ, ಮಣ್ಣಿನ ಸಾರ ಕಾಂಡ ತೊಗಟೆಗಳಲ್ಲಿ ಸೆರೆಯಾಗುತ್ತದೆ.

ಇದನ್ನು ಅಂಕಿಯಲ್ಲಿ ನೋಡೋಣ. ಒಂದೂವರೆ ಮೀಟರ್, ಎರಡು ಮೀಟರ್ ಅಂತರದಲ್ಲಿ ಎಕರೆಗೆ 1,350ರಷ್ಟು ಸರ್ವೆ ನೆಟ್ಟು, 1,000 ಉಳಿದಿವೆ, ನೀರೂ ಸಾಕಷ್ಟಿದೆ ಎಂದುಕೊಳ್ಳಿ. ಪ್ರತಿ ವರ್ಷದ ಕೊನೆಗೆ ತೋಪಿನಲ್ಲಿ ನಿಂತಿರುವ ಕಾಂಡದ ಒಣ ತೂಕ ಕ್ರಮವಾಗಿ 1, 5, 12, 21, 28, 33, 36 ಟನ್ ಎಂದು ಇಟ್ಟುಕೊಳ್ಳೋಣ. ಇವು ಲೆಕ್ಕ ಕಲಿಯಲು ನಾನು ಹಿಡಿದ ಅಂಕಿಗಳು, ನಿಮ್ಮ ತೋಪಿನವು ನಿಮ್ಮ ಟೇಪಿನಿಂದಲೇ ಬರಬೇಕು. ಮಳೆಯನ್ನೇ ನಂಬಿದ ಬಯಲುಸೀಮೆಯ ಕೆಂಪು ಮಣ್ಣಿನಲ್ಲಿ ತೂಕ ಇದಕ್ಕಿಂತ ಬಹಳ ಕಡಿಮೆ ಬರುತ್ತದೆ, ಬೆಳವಣಿಗೆಯ ಹಂತಗಳೂ ತಡವಾಗಿ ಬರುತ್ತವೆ. ಆದರೆ ಏರಿಳಿತದ ಆಕಾರ ಇದೇ.

ಈಗ ಎರಡು ಅಂಕಿ ಬರೆದುಕೊಳ್ಳಿ. ಒಂದು, ಆ ವರ್ಷ ಕೂಡಿದ್ದು ಎಷ್ಟು. ಇನ್ನೊಂದು, ಈವರೆಗಿನ ವರ್ಷದ ಸರಾಸರಿ ಎಷ್ಟು. ನಾಲ್ಕನೇ ವರ್ಷ ಕೂಡಿದ್ದು 9 ಟನ್, ಸರಾಸರಿ 5.25. ಐದನೇ ವರ್ಷ ಕೂಡಿದ್ದು 7, ಸರಾಸರಿ 5.6. ಆರನೇ ವರ್ಷ ಕೂಡಿದ್ದು 5, ಸರಾಸರಿ 5.5. ಏಳನೇ ವರ್ಷ ಕೂಡಿದ್ದು 3, ಸರಾಸರಿ 5.1ರ ಹತ್ತಿರ. ವರ್ಷದ ಕೂಡಿಕೆ ಸರಾಸರಿಗಿಂತ ಹೆಚ್ಚಿರುವವರೆಗೆ ಮರ ನಿಲ್ಲಿಸಿದಷ್ಟೂ ಲಾಭ. ಎರಡೂ ಸಮವಾಗಿ, ಕೂಡಿಕೆ ಕೆಳಗಿಳಿದ ವರ್ಷವೇ ತೂಕದ ಲೆಕ್ಕದಲ್ಲಿ ಕಡಿಯುವ ವರ್ಷ. ಈ ಉದಾಹರಣೆಯಲ್ಲಿ ಅದು ಐದು ಮುಗಿದು ಆರು ನಡೆಯುವ ಹೊತ್ತು. ಅರಣ್ಯಶಾಸ್ತ್ರದಲ್ಲಿ ನಡೆದುಬಂದ ನಿಯಮವಿದು, ಇದಕ್ಕೆ ದೊಡ್ಡ ಓದು ಬೇಕಿಲ್ಲ. ಪ್ರತಿ ವರ್ಷ ಒಂದೇ ತಿಂಗಳಲ್ಲಿ ಅದೇ ಮೂವತ್ತು ಮರಗಳನ್ನು ಅಳೆದರೆ ನೋಟ್‌ಬುಕ್ಕೇ ಹೇಳುತ್ತದೆ.

ನಾನು ಮಾರಿದ್ದು ನಾಲ್ಕು ತುಂಬಿದಾಗ. ಈ ಲೆಕ್ಕದ ಪ್ರಕಾರ ಇನ್ನೊಂದೇ ವರ್ಷ ತಡೆದಿದ್ದರೆ ಎಕರೆಗೆ ಏಳು ಟನ್ ಒಣ ತೂಕ ಹೆಚ್ಚು. ಹಸಿ ಲೆಕ್ಕದಲ್ಲಿ ಅದು ಹನ್ನೆರಡು ಹದಿಮೂರು ಟನ್ ಆಗುತ್ತದೆ. ತುರ್ತು ಇದ್ದವರಿಗೆ ಒಂದು ದಾರಿ ಉಂಟು. ಪೂರ್ತಿ ಕಡಿಸುವ ಬದಲು ಮೂರನೇ ವರ್ಷದ ಆಚೆಗೆ ಸೊರಗಿದ, ಸೊಟ್ಟಗಾದ ಮರಗಳನ್ನು ತೆಗೆಸಿ ಕಂಬಕ್ಕೋ ಊರುಗೋಲಿಗೋ ಮಾರಿ. ಉಳಿದವಕ್ಕೆ ಬೆಳಕು ಸಿಗುತ್ತದೆ, ಕೈಗೆ ಕಾಸೂ ಬರುತ್ತದೆ. ಕಂಬಕ್ಕೆ ದಪ್ಪದ ಮೇಲೆ ದರ ಇರುವ ಕಡೆ ತೂಕದ ಲೆಕ್ಕಕ್ಕಿಂತ ಒಂದೆರಡು ವರ್ಷ ಹೆಚ್ಚು ಕಾಯುವುದೂ ಲಾಭವೇ.

ಮರ ಆರಿಸುವವರಿಗೆ ಇನ್ನೊಂದು ಮಾತು. ಹೆಬ್ಬೇವು ಕಣ್ಣೆದುರೇ ದಪ್ಪಗಾಗುತ್ತದೆ. ಆದರೆ ಅದರ ಕಟ್ಟಿಗೆ ಹಗುರ. ಒಂದೇ ಸುತ್ತಳತೆ, ಒಂದೇ ಎತ್ತರದ ಹೆಬ್ಬೇವಿನಲ್ಲಿ ಸರ್ವೆಯ ಒಣ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕರೆ ದೊಡ್ಡದು. ಪ್ಲೈವುಡ್ಡಿಗೆ ಅದು ಚಿನ್ನ, ಸೌದೆಗೆ ಬೆಳೆಯುವ ಮರವಲ್ಲ. ಸರ್ವೆ 1868ರ ಸುಮಾರಿಗೆ ಕಾರವಾರದ ಕರಾವಳಿಗೆ ಬಂದ ಮರ, ನೀಲಗಿರಿ ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದದ್ದು. ನೀಲಗಿರಿ ಮತ್ತು ಅಕೇಸಿಯಾವನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಕೋಲಾರದ ಕಡೆ ನೀಲಗಿರಿ ತೋಪುಗಳ ನಡುವೆ ಬತ್ತಿದ ಬೋರ್‌ವೆಲ್‌ಗಳ ಸ್ಥಿತಿ ಕಂಡವರಿಗೆ ಅದು ತಡವಾಗಿ ಬಂದ ಆದೇಶವೆಂದೇ ಅನ್ನಿಸುತ್ತದೆ. ಸರ್ವೆಯ ಬೇರಿನಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ, ಹಾಗಾಗಿ ಬಡ ಮಣ್ಣಿಗೂ ಅದು ಒಗ್ಗುತ್ತದೆ.

ನೀರು ಸುಡುವ ಖರ್ಚು

ತೂಕಕ್ಕೆ ಮಾರುವಾಗ ಹಸಿ ತೂಕವೋ ಒಣ ತೂಕವೋ ಎಂಬುದು ದೊಡ್ಡ ಪ್ರಶ್ನೆ. ಕಡಿದ ದಿನದ ಮರದಲ್ಲಿ ಅರ್ಧದ ಹತ್ತಿರ ನೀರೇ. ನಾನು ಸರ್ವೆ ಕಾಂಡದಿಂದ ಎರಡು ಬೆರಳು ದಪ್ಪದ ಬಿಲ್ಲೆ ಕೊಯ್ದು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ. 640 ಗ್ರಾಂ. ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಇಟ್ಟು ಗಂಟೆಗಟ್ಟಲೆ ಬಿಟ್ಟು ತೂಗಿದೆ, ಮತ್ತೆ ಇಟ್ಟು ಮತ್ತೆ ತೂಗಿದೆ. ಅಂಚಿನಲ್ಲಿ ಸಣ್ಣ ಬಿರುಕು ಬಿಟ್ಟು, ಮಸಾಲೆ ಹುರಿದಂಥ ವಾಸನೆ ಮನೆಯೆಲ್ಲ ತುಂಬಿತು. ಎರಡು ಬಾರಿ ತೂಗಿದಾಗ ಅಂಕಿ ಕದಲದೆ 350ಕ್ಕೆ ನಿಂತಿತು. ಕಳೆದುಹೋದ 290 ಗ್ರಾಂ ನೀರು, ಅಂದರೆ ನೂರಕ್ಕೆ 45. ನಿಮ್ಮ ತೋಪಿನ ಹಸಿ ತೂಕವನ್ನು ಒಣ ತೂಕಕ್ಕೆ ತರಲು ಈ ಒಂದು ಬಿಲ್ಲೆ ಸಾಕು. ಬುಡ, ನಡು, ತುದಿ ಮೂರೂ ಕಡೆ ಕೊಯ್ದು ನೋಡಿದರೆ ಇನ್ನೂ ಒಳ್ಳೆಯದು.

ಅರ್ಧ ನೀರಿರುವ ಒಂದು ಕಿಲೋ ಸೌದೆಯಲ್ಲಿ ಕಟ್ಟಿಗೆ ಅರ್ಧ ಕಿಲೋ. ಅದರ ಶಾಖ 9 ಮೆಗಾಜೂಲಿನ ಸುಮಾರು, ನೀರನ್ನು ಆವಿ ಮಾಡಲು ಒಂದಕ್ಕೂ ಹೆಚ್ಚು ಹೋಗಿ ಉಳಿಯುವುದು 8. ಅದೇ ಸೌದೆ ನೂರಕ್ಕೆ 20ರವರೆಗೆ ಒಣಗಿದ್ದರೆ ಕಿಲೋಗೆ 14. ಹಸಿ ಸೌದೆ ಹಾಕಿದ ಒಲೆಯ ಮುಂದೆ ಕಣ್ಣೀರು ಸುರಿಸುವ ಹೆಣ್ಣುಮಕ್ಕಳು ಅನುಭವಿಸುವ ಕಷ್ಟ ಈ ಎರಡು ಅಂಕಿಗಳ ನಡುವೆ ಇದೆ. ದಪ್ಪ ಕೊರಡನ್ನು ಸೀಳಿ, ನೆಲಕ್ಕೆ ತಾಗದಂತೆ ಅಡ್ಡಕೋಲಿನ ಮೇಲೆ ಅಡ್ಡಡ್ಡ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಬೇಸಿಗೆಯ ಎರಡು ಮೂರು ತಿಂಗಳು ಬಿಡಿ. ಅಕ್ಕಪಕ್ಕ ಪ್ಲಾಸ್ಟಿಕ್ ಸುತ್ತಿದರೆ ಬೂಷ್ಟು ಹಿಡಿಯುತ್ತದೆ. ಮಾರುವವರಿಗೆ ಲೆಕ್ಕ ಬೇರೆ. ಹಸಿ ತೂಕಕ್ಕೆ ದರ ನಿಂತಿದ್ದರೆ ಕಡಿದ ದಿನವೇ ತೂಗಿಸಿ. ಕಡಿದು ವಾರಗಟ್ಟಲೆ ಬಿಸಿಲಿಗೆ ಬಿಟ್ಟು ಆಮೇಲೆ ಲಾರಿ ತರುವ ವ್ಯಾಪಾರಿಗೆ ಒಣಗಿದ್ದನ್ನು ಹಸಿ ದರಕ್ಕೆ ಕೊಟ್ಟಂತಾಗುತ್ತದೆ.

ಸೊಪ್ಪು ಮತ್ತು ತೊಗಟೆಯನ್ನು ಹೊಲದಲ್ಲೇ ಬಿಡಿಸಿ. ತೂಕ ಹೆಚ್ಚಲಿ ಎಂದು ಅದನ್ನೂ ಲಾರಿಗೆ ತುಂಬಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಣ ಕಟ್ಟಿಗೆಯಲ್ಲಿ ಸಾರಜನಕ ತೀರಾ ಕಡಿಮೆ, ಎಲೆಯಲ್ಲಿ ಅದರ ಹತ್ತು ಪಟ್ಟಿನ ಹತ್ತಿರ ಇರುತ್ತದೆ. ತೊಗಟೆಯಲ್ಲಿ ಸುಣ್ಣದಂಶ ಹೆಚ್ಚು. ಮೂರು ಟನ್ ಸೊಪ್ಪು ಹೋದರೆ ಇಪ್ಪತ್ತೈದು ಮೂವತ್ತು ಟನ್ ಕಾಂಡದ ಜೊತೆ ಹೋಗುವಷ್ಟೇ ಸಾರಜನಕ ಹೋಗುತ್ತದೆ. ಎಳೆಯ ತೋಪನ್ನು ಬೇಗ ಬೇಗ ಕಡಿದಷ್ಟೂ ಸೊಪ್ಪು ತೊಗಟೆಯ ಪಾಲು ಹೆಚ್ಚು, ಮಣ್ಣಿಗೆ ಪೆಟ್ಟೂ ಹೆಚ್ಚು. ಕಡಿಯಲು ಅವಸರ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ನೆಲದೊಳಗಿನ ಉಳಿತಾಯ

ಮೇಲಿನ ಭಾಗದ ನಾಲ್ಕರಲ್ಲಿ ಒಂದು ಪಾಲಿನಷ್ಟು ತೂಕ ಬೇರಿನಲ್ಲಿರುತ್ತದೆ. ಕೂಳೆ ಚಿಗುರುವ ಮರಗಳಲ್ಲಿ, ಅಂದರೆ ಹಳೆಯ ನೀಲಗಿರಿ ತೋಪು, ಸುಬಾಬುಲ್, ಗೊಬ್ಬರದ ಗಿಡ, ಹೊಂಗೆಯಂಥವುಗಳಲ್ಲಿ, ಬೇರು ಮತ್ತು ಬುಡದಲ್ಲಿ ಕೂಡಿಟ್ಟ ಪಿಷ್ಟವೇ ಮುಂದಿನ ಬೆಳೆಯ ಬಂಡವಾಳ. ಚಿಗುರಿಗೆ ಎಲೆ ಬಂದು ತಾನೇ ದುಡಿಯುವವರೆಗೆ ಅದು ಈ ಪಿಷ್ಟ ತಿಂದೇ ಬೆಳೆಯಬೇಕು. ಮರ ಭರ್ತಿ ಹೊಸ ಚಿಗುರು ಹೊಡೆದಿರುವಾಗ ಕಡಿದರೆ ಈ ಕಣಜ ಖಾಲಿಯಾಗಿರುತ್ತದೆ. ಮಳೆಗೆ ಸ್ವಲ್ಪ ಮುಂಚೆ, ಮರ ಸುಮ್ಮನಿರುವಾಗ, ನೆಲದಿಂದ ಒಂದು ಗೇಣಿಗಿಂತ ಕೆಳಗೆ, ನೀರು ನಿಲ್ಲದಂತೆ ಓರೆಯಾಗಿ, ತೊಗಟೆ ಸೀಳದಂತೆ ಗರಗಸದಲ್ಲಿ ಕೊಯ್ಯಿಸಿ. ಬಂದ ಚಿಗುರುಗಳಲ್ಲಿ ಎರಡು ಮೂರನ್ನು ಉಳಿಸಿ ಮಿಕ್ಕದ್ದನ್ನು ತೆಗೆಯಿರಿ. ಬೇರು ಮೊದಲೇ ಇರುವುದರಿಂದ ಕೂಳೆ ಬೆಳೆಗೆ ಸಸಿಯ ಮೊದಲ ವರ್ಷದ ತಡ ಇರುವುದಿಲ್ಲ. ಸರ್ವೆ ಹೀಗೆ ಚೆನ್ನಾಗಿ ಚಿಗುರುವುದಿಲ್ಲ, ಅದನ್ನು ಮತ್ತೆ ನೆಡಬೇಕು.

ಎಕರೆಗೆ 28 ಟನ್ ಕೂಡಿಟ್ಟ ತೋಪು ಐದು ವರ್ಷದಲ್ಲಿ ಹಿಡಿದಿರುವುದು ಅದರ ಮೇಲೆ ಬಿದ್ದ ಬಿಸಿಲಿನ ಸಾವಿರದಲ್ಲಿ ನಾಲ್ಕು ಪಾಲಿಗೂ ಕಡಿಮೆ. ಸೋಲಾರ್ ಹಲಗೆಯ ಮುಂದೆ ಇದು ಏನೂ ಅಲ್ಲ ಎನ್ನುವವರಿದ್ದಾರೆ. ಆದರೆ ಮರಕ್ಕೆ ಬ್ಯಾಟರಿ ಬೇಡ, ಬೇಕಾದ ವರ್ಷದವರೆಗೆ ನಿಂತೇ ಕಾಯುತ್ತದೆ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನೇ ಮಾಡಿ ತೋರಿಸಿದರು. ಊರ ಪಕ್ಕದಲ್ಲೇ ಶಕ್ತಿವನ ಬೆಳೆಸಿ, ಅದರ ಕಟ್ಟಿಗೆಯನ್ನು ಗ್ಯಾಸಿಫೈಯರಿನಲ್ಲಿ ಅನಿಲ ಮಾಡಿ ಎಂಜಿನ್ ಓಡಿಸಿ, ಆ ಪುಟ್ಟ ಹಳ್ಳಿಗೆ ದೀಪ ಹಚ್ಚಿದರು. ಕುಡಿಯುವ ನೀರೂ ಹಿಟ್ಟಿನ ಗಿರಣಿಯೂ ಅದರಿಂದಲೇ ನಡೆದವು. ಇಂಥ ಯಂತ್ರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಒಂದೂಕಾಲರಿಂದ ಒಂದೂವರೆ ಕಿಲೋ ಒಣ ಕಟ್ಟಿಗೆ ಬೇಕು. ನಮ್ಮ ಉದಾಹರಣೆಯ ಎಕರೆ ವರ್ಷಕ್ಕೆ ಸರಾಸರಿ 5.6 ಟನ್ ಕೊಡುವುದರಿಂದ 4,000 ಯೂನಿಟ್ ಸಿಗುತ್ತದೆ. ತಿಂಗಳಿಗೆ ನೂರು ಯೂನಿಟ್ ಸುಡುವ ಮೂರು ಮನೆಗೆ ಅದು ಸಾಕು.

ಕಡಿಸುವ ಮುನ್ನ ಕಾನೂನನ್ನೂ ನೋಡಿಕೊಳ್ಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಕಡಿಯಲು ಅನುಮತಿಯಿಂದ ವಿನಾಯಿತಿ ಇದೆ. ಬೇರೆ ಮರಗಳಿಗೆ ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಹೊಸದಾಗಿ ನೆಡುವವರು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ಬರೆಸಿದರೆ, ಆ ಯೋಜನೆಗೆ ಒಳಪಟ್ಟ ಜಾತಿಗಳಲ್ಲಿ ಬದುಕಿ ಉಳಿದ ಗಿಡಗಳಿಗೆ ಮೂರು ವರ್ಷ ಪ್ರೋತ್ಸಾಹಧನವಿದೆ. ಗಿಡ ಎಣಿಸುವ ರೂಢಿ ಅಲ್ಲಿಂದಲೇ ಆಗಲಿ.

ಈ ಸಲ ಮಳೆಗಾಲ ಮುಗಿದ ಮೇಲೆ ತೋಪಿಗೆ ಹೋಗುವಾಗ ಒಂದು ಡಬ್ಬಿ ಬಿಳಿ ಬಣ್ಣ ತೆಗೆದುಕೊಂಡು ಹೋಗಿ. ಮೂವತ್ತು ಮರಗಳ ಎದೆಮಟ್ಟಕ್ಕೆ ಪಟ್ಟಿ ಬಳಿದು ನಂಬರ್ ಹಾಕಿ, ಸುತ್ತಳತೆ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳು ಅದೇ ಪಟ್ಟಿಯ ಮೇಲೆ ಟೇಪು ಸುತ್ತಿ. ಆ ಎರಡು ಪುಟ ನಿಮ್ಮ ಕೈಗೆ ಬರುವವರೆಗೆ ಬದುವಿನ ಮೇಲೆ ನಿಂತು ಹೇಳುವ ಯಾವ ದರಕ್ಕೂ ತಲೆಯಾಡಿಸಬೇಡಿ.